ರಜೆಯ ದಿನಕ್ಕೂ ಕೂಲಿ ಬರೆದ ಬಾಬಾಸಾಹೇಬರು

ಮಂಡ್ಯ, ಮದ್ದೂರು, ಮಳವಳ್ಳಿಯ ಬಸ್ ನಿಲ್ದಾಣಗಳಲ್ಲಿ, ತಾಲ್ಲೂಕು ಕಚೇರಿಗಳ ಎದುರಿನಲ್ಲಿ, ಊರೂರಿನ ಕಾಲೋನಿಗಳ ಮುಂಬಾಗಿಲಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರ ಭಾವಚಿತ್ರವನ್ನು ಕಾಣದವರಿಲ್ಲ. ನೀಲಿ ಕೋಟು, ಕೈಯಲ್ಲಿ ಸಂವಿಧಾನದ ಹೊತ್ತಗೆ. ಆ ಹೊತ್ತಗೆಯನ್ನು ಹಿಡಿಯುವ ಮೊದಲು ಅದೇ ಕೈ ನಾಲ್ಕು ವರ್ಷ ಕಾಲ ಭಾರತದ ಕಾರ್ಮಿಕ ಖಾತೆಯ ಕಡತಗಳಿಗೆ ಸಹಿ ಹಾಕಿತ್ತೆಂಬುದು ಅನೇಕರಿಗೆ ತಿಳಿಯದು. ಇಂದು ಕಾರ್ಖಾನೆಯ ಕಾರ್ಮಿಕನೊಬ್ಬ ಸಂಬಳ ಕಡಿತವಿಲ್ಲದೆ ಮಗಳ ಮದುವೆಗೆ ರಜೆ ಹಾಕುತ್ತಾನೆ. ಜ್ವರ ಬಂದು ಮಲಗಿದವನಿಗೆ ವಿಮೆಯ ಹಣ ಬರುತ್ತದೆ. ಈ ಎರಡರ ಬೇರೂ ಆ ನಾಲ್ಕು ವರ್ಷಗಳಲ್ಲಿದೆ.

ಆ ಸೌಲಭ್ಯ ಎಲ್ಲರಿಗೂ ದೊರೆಯಿತೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕಬ್ಬಿನ ನಾಡಾದ ಮಂಡ್ಯದಲ್ಲಿಯೇ ಅದು ಇದೆ.

ತಂತಿ ಸುದ್ದಿಗೆ ಓಡಿದ ಮಗ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೇನೆಯಲ್ಲಿ ಸುಬೇದಾರರಾಗಿದ್ದವರು. ತಾಯಿ ಭೀಮಾಬಾಯಿ ಮಗ ಇನ್ನೂ ಎಳೆಯನಿರುವಾಗಲೇ ತೀರಿಕೊಂಡರು. ನಿವೃತ್ತಿಯ ನಂತರ ಕುಟುಂಬ ಮುಂಬಯಿ ಸೇರಿತು. ಗಿರಣಿ ಕಾರ್ಮಿಕರೇ ತುಂಬಿದ್ದ ಪರೇಲಿನ ಚಾಳುಗಳಲ್ಲಿ ಅಂಬೇಡ್ಕರರ ಬಾಳಿನ ಹಲವು ವರ್ಷಗಳು ಕಳೆದವು. ಬೆಳಗಿನ ಸೈರನ್ ಕೂಗಿಗೆ ಎದ್ದು ಓಡುವ ಗಂಡಸರು, ಕೆಮ್ಮುತ್ತಲೇ ಪಾಳಿಗೆ ಹೋಗುವವರು, ಹೆರಿಗೆಯಾದ ಕೆಲವೇ ದಿನಗಳಲ್ಲಿ ಮತ್ತೆ ಗಿರಣಿಗೆ ಹೊರಡುವ ಹೆಂಗಸರು ಅವರ ನೆರೆಹೊರೆಯವರಾಗಿದ್ದರು. ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಹಲವು ದಿನ ತಪ್ಪಿದರೆ ಆ ಜಾಗದಲ್ಲಿ ಬದಲಿ ಕಾರ್ಮಿಕ ನಿಂತಿರುತ್ತಿದ್ದ.

1912ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಪದವಿ ಮುಗಿಸಿದ ಅಂಬೇಡ್ಕರ್, ಮರುವರ್ಷದ ಆರಂಭದಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿದ್ದವು. ಅಷ್ಟರಲ್ಲಿ ತಂದೆಗೆ ಕಾಯಿಲೆ ಉಲ್ಬಣಿಸಿದೆಯೆಂಬ ತಂತಿ ಬಂತು. ಮಗ ಎಲ್ಲವನ್ನೂ ಬಿಟ್ಟು ಮುಂಬಯಿಗೆ ಧಾವಿಸಿದರು. 1913ರ ಫೆಬ್ರವರಿ 2ರಂದು ರಾಮಜಿ ಕಣ್ಮುಚ್ಚಿದರು.

ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿಂದ ಲಂಡನ್ನಿನ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿದು ವ್ಯಾಸಂಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬರೋಡಾಕ್ಕೆ ಮರಳಿದರೆ, ಅಷ್ಟು ಓದಿದ ಅಧಿಕಾರಿಗೆ ಜಾತಿಯ ಕಾರಣಕ್ಕೆ ತಂಗಲು ಮನೆಯೇ ಸಿಗಲಿಲ್ಲ. ಮುಂಬಯಿಗೆ ಹಿಂದಿರುಗಿ ಸಿಡ್ನೆಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದ ಹಣದೊಂದಿಗೆ 1920ರಲ್ಲಿ ಮತ್ತೆ ಲಂಡನ್ನಿಗೆ ತೆರಳಿ ಡಾಕ್ಟರೇಟ್ ಪಡೆದರು, ಬ್ಯಾರಿಸ್ಟರ್ ಆದರು. ಇತ್ತ ಪತ್ನಿ ರಮಾಬಾಯಿ ಬಡತನದಲ್ಲಿ ಸಂಸಾರ ತೂಗಿಸಿದರು. ಐವರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಬದುಕುಳಿದವರು ಯಶವಂತ ಒಬ್ಬರೇ.

ತಾಯಿಗೆ ಬಿಡುವು

1927ರಿಂದ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನ ನಾಮಕರಣ ಸದಸ್ಯರು. ಮಹಾಡಿನ ಕೆರೆಯ ನೀರಿಗಾಗಿ ಹೋರಾಟ ನಡೆದದ್ದೂ ಅದೇ ವರ್ಷ. ಮರುವರ್ಷ, 1928ರ ಜುಲೈನಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ಸ್ತ್ರೀಯರಿಗೆ ಹೆರಿಗೆಯ ಸಂದರ್ಭದಲ್ಲಿ ಭತ್ಯೆ ನೀಡುವ ಮಸೂದೆ ಪರಿಷತ್ತಿನ ಮುಂದೆ ಬಂದಾಗ ಅವರು ಅದರ ಪರವಾಗಿ ನಿಂತರು. ಹೆರಿಗೆಗೆ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತವೆಂಬುದು ಅವರ ವಾದವಾಗಿತ್ತು. ಹಿತ ರಾಷ್ಟ್ರದ್ದಾದ ಮೇಲೆ ವೆಚ್ಚದ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕೆಂದು ಅವರು ಪ್ರತಿಪಾದಿಸಿದರು. ಆದರೆ ಸರ್ಕಾರ ಹೊರುವ ತನಕ ಮಾಲೀಕರು ಹೊಣೆಯಿಂದ ತಪ್ಪಿಸಿಕೊಳ್ಳಬಾರದೆಂಬ ನಿಲುವನ್ನೂ ಬಿಡಲಿಲ್ಲ.

1929ರಲ್ಲಿ ಮುಂಬಯಿ ಹೆರಿಗೆ ಭತ್ಯೆ ಕಾಯ್ದೆ ಜಾರಿಯಾಯಿತು. ದೇಶದಲ್ಲಿ ಈ ಬಗೆಯ ಮೊದಲ ಕಾಯ್ದೆ ಅದು. ಬೇರೆ ಪ್ರಾಂತ್ಯಗಳು ಅನುಸರಿಸಿದವು. ಮೈಸೂರು ಸಂಸ್ಥಾನವೂ 1937ರಲ್ಲಿ ತನ್ನದೇ ಹೆರಿಗೆ ಭತ್ಯೆ ಕಾಯ್ದೆ ಮಾಡಿತು. ಸ್ವಾತಂತ್ರ್ಯಾನಂತರ 1961ರ ಕೇಂದ್ರ ಕಾಯ್ದೆ 12 ವಾರಗಳ ರಜೆ ಕೊಟ್ಟಿತು. 2017ರಲ್ಲಿ ಅದು ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು.

1936ರಲ್ಲಿ ಅಂಬೇಡ್ಕರ್ ಸ್ಥಾಪಿಸಿದ ಪಕ್ಷಕ್ಕೆ ಅವರಿಟ್ಟ ಹೆಸರು ಸ್ವತಂತ್ರ ಕಾರ್ಮಿಕ ಪಕ್ಷ. ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ 1938ರ ನವೆಂಬರ್ 7ರಂದು ಮುಂಬಯಿಯಲ್ಲಿ ನಡೆದ ಒಂದು ದಿನದ ಮುಷ್ಕರದಲ್ಲಿ ಅವರು ಕಮ್ಯುನಿಸ್ಟ್ ನಾಯಕರೊಂದಿಗೆ ಒಂದೇ ವೇದಿಕೆಯಲ್ಲಿದ್ದರು.

ದೆಹಲಿಯ ನಾಲ್ಕು ವರ್ಷ

1942ರ ಜುಲೈನಲ್ಲಿ ಅವರು ವೈಸ್‌ರಾಯ್ ಕಾರ್ಯಾಂಗ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ಇಂದಿನ ಲೆಕ್ಕದಲ್ಲಿ ಅದು ಕೇಂದ್ರ ಸಚಿವ ಸ್ಥಾನ. ಎರಡನೇ ಮಹಾಯುದ್ಧದ ಕಾಲವದು. ಕಾರ್ಖಾನೆಗಳು ಹಗಲಿರುಳು ನಡೆಯುತ್ತಿದ್ದವು, ಬೆಲೆಗಳು ಏರುತ್ತಿದ್ದವು. ಯುದ್ಧಕಾಲದಲ್ಲಿ ಬ್ರಿಟಿಷ್ ಸರ್ಕಾರದ ಭಾಗವಾದದ್ದಕ್ಕೆ ಅವರು ಟೀಕೆಗೂ ಒಳಗಾದರು. ಆದರೆ ಪರೇಲಿನ ಚಾಳಿನಲ್ಲಿ ಕಂಡದ್ದಕ್ಕೆ ಮದ್ದು ಅರೆಯುವ ಅವಕಾಶ ಅವರಿಗೆ ಸಿಕ್ಕಿದ್ದೂ ಅಲ್ಲಿಯೇ.

ಸರ್ಕಾರ, ಮಾಲೀಕರು, ಕಾರ್ಮಿಕರು ಒಂದೇ ಮೇಜಿನ ಸುತ್ತ ಕೂರುವ ತ್ರಿಪಕ್ಷೀಯ ಸಮ್ಮೇಳನ 1942ರ ಆಗಸ್ಟ್‌ನಲ್ಲಿ ಅವರ ಅಧ್ಯಕ್ಷತೆಯಲ್ಲಿ ಸೇರಿತು. ಮುಂದಿನ ಶಾಸನಗಳಿಗೆ ಅದು ಹದಗೊಳಿಸಿದ ನೆಲವಾಯಿತು.

ಸಂಬಳ ಸಹಿತ ರಜೆಯ ವಿಷಯದಲ್ಲಿ ಜಗತ್ತು ಮುಂದೆ ಸಾಗಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1936ರಲ್ಲಿಯೇ ವರ್ಷಕ್ಕೆ ಕನಿಷ್ಠ ಆರು ಕೆಲಸದ ದಿನಗಳ ಸಂಬಳ ಸಹಿತ ರಜೆಯ ಒಡಂಬಡಿಕೆ ರೂಪಿಸಿತ್ತು. ಭಾರತದ 1934ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ಬಿಡುವು ಇತ್ತೇ ಹೊರತು, ವಾರ್ಷಿಕ ರಜೆಗೆ ಸಂಬಳ ಕೊಡುವ ಮಾತಿರಲಿಲ್ಲ. ಅಂಬೇಡ್ಕರ್ ಕೇಂದ್ರ ಶಾಸನ ಸಭೆಯಲ್ಲಿ ಮುನ್ನಡೆಸಿದ 1945ರ ತಿದ್ದುಪಡಿಯು ಈ ಕೊರತೆಯನ್ನು ತುಂಬಿತು. ಹನ್ನೆರಡು ತಿಂಗಳ ನಿರಂತರ ಸೇವೆ ಮುಗಿಸಿದ ವಯಸ್ಕ ಕಾರ್ಮಿಕನಿಗೆ ವರ್ಷಕ್ಕೆ 10 ದಿನ, ಬಾಲ ಕಾರ್ಮಿಕನಿಗೆ 14 ದಿನ ಸಂಬಳ ಸಹಿತ ರಜೆ. 1946ರ ಜನವರಿ 1ರಿಂದ ಅದು ಜಾರಿಗೆ ಬಂತು.

ಆ ತಿದ್ದುಪಡಿಯಲ್ಲಿ ಒಂದು ಸೂಕ್ಷ್ಮವಿದೆ. ಕಾಯಿಲೆ, ಅಪಘಾತ ಅಥವಾ ಅನುಮತಿ ಪಡೆದ ರಜೆಯಿಂದ ಕಾರ್ಮಿಕ ಗೈರುಹಾಜರಾಗಿದ್ದರೆ, ಒಂದು ಮಿತಿಯೊಳಗೆ ಅದನ್ನು ಸೇವೆಯ ಭಂಗವೆಂದು ಎಣಿಸುವಂತಿರಲಿಲ್ಲ. ಜ್ವರ ಬಂದದ್ದು ತಪ್ಪಲ್ಲ ಎಂಬ ಸರಳ ಸತ್ಯವು ಕಾಯ್ದೆಯ ಸಾಲಾಯಿತು.

1946ರಲ್ಲಿ ಮತ್ತೊಂದು ತಿದ್ದುಪಡಿ ಬಂತು. ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆ 54 ಗಂಟೆಯಿಂದ 48 ಗಂಟೆಗೆ ಇಳಿಯಿತು. ಅದೇ ವರ್ಷದ ಸ್ಥಾಯಿ ಆದೇಶಗಳ ಕಾಯ್ದೆಯ ಪ್ರಕಾರ, ರಜೆಗೆ ಅರ್ಜಿ ಹಾಕುವ ಬಗೆ ಹೇಗೆ, ಅದನ್ನು ಮಂಜೂರು ಮಾಡುವವರು ಯಾರು ಎಂಬುದನ್ನು ಮಾಲೀಕರು ಬರಹದಲ್ಲಿ ಪ್ರಕಟಿಸಬೇಕಾಯಿತು. ಅದುವರೆಗೆ ಮೇಸ್ತ್ರಿಯ ಮರ್ಜಿಗೆ ಬಿಟ್ಟಿದ್ದ ವಿಷಯವದು.

ಕಾಯಿಲೆಗೆ ವಿಮೆ

ರಜೆ ಒಂದು ಮಾತಾದರೆ, ಕಾಯಿಲೆ ಇನ್ನೊಂದು. ತಿಂಗಳುಗಟ್ಟಲೆ ಕ್ಷಯದಿಂದ ಮಲಗಿದವನಿಗೆ ಹತ್ತು ದಿನದ ರಜೆ ಏನಕ್ಕೂ ಸಾಲದು. ಒಬ್ಬ ಮಾಲೀಕನ ಮೇಲೆ ಆ ಭಾರವನ್ನೆಲ್ಲ ಹೊರಿಸಿದರೆ, ಆತ ಕಾಯಿಲೆಯವರನ್ನು ಕೆಲಸಕ್ಕೇ ಸೇರಿಸಿಕೊಳ್ಳಲಾರ. ಎಲ್ಲರೂ ಸೇರಿ ನಿಧಿ ಕಟ್ಟಿ, ಕಾಯಿಲೆ ಬಿದ್ದವರಿಗೆ ಅದರಿಂದ ಹಣ ಕೊಡುವುದೇ ದಾರಿಯಾಗಿತ್ತು. ವಿಟ್ಲಿ ಆಯೋಗ 1931ರಲ್ಲಿಯೇ ಈ ಪ್ರಶ್ನೆಯನ್ನು ಎತ್ತಿದ್ದರೂ ಮಾತು ಮುಂದುವರಿದಿರಲಿಲ್ಲ.

1943ರಲ್ಲಿ, ಅಂಬೇಡ್ಕರ್ ಅವರ ಖಾತೆಯಿದ್ದಾಗ, ಪ್ರೊ. ಬಿ.ಪಿ. ಅದಾರ್ಕರ್ ಅವರನ್ನು ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸಲು ನೇಮಿಸಲಾಯಿತು. ಅದಾರ್ಕರ್ 1944ರ ಆಗಸ್ಟ್‌ನಲ್ಲಿ ವರದಿ ಕೊಟ್ಟರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರು ಅದನ್ನು ಪರಿಶೀಲಿಸಿದರು. ಅಂಬೇಡ್ಕರ್ 1946ರ ಮಧ್ಯಭಾಗದಲ್ಲಿ ಹುದ್ದೆ ಬಿಟ್ಟರು. ಅವರ ನಂತರ ಖಾತೆ ಹೊತ್ತ ಜಗಜೀವನ ರಾಮ್ ಅವರ ಕಾಲದಲ್ಲಿ ಮಸೂದೆ ಮಂಡನೆಯಾಗಿ 1948ರ ಏಪ್ರಿಲ್‌ನಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆಯಾಯಿತು. ಜನರ ಬಾಯಲ್ಲಿ ಅದೇ ಇಎಸ್‌ಐ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. ಬಿತ್ತಿದವರೊಬ್ಬರು, ನೀರೆರೆದವರೊಬ್ಬರು, ಫಸಲು ಕೊಯ್ದವರು ಮತ್ತೊಬ್ಬರು.

ಈ ಯೋಜನೆಯಲ್ಲಿ ಕಾಯಿಲೆ ಬಿದ್ದ ವಿಮಾದಾರನಿಗೆ ವರ್ಷಕ್ಕೆ ಗರಿಷ್ಠ 91 ದಿನ, ಕೂಲಿಯ ಶೇ. 70ರಷ್ಟು ಹಣ ಸಿಗುತ್ತದೆ. 2019ರ ಜುಲೈನಿಂದ ನೌಕರನ ವಂತಿಗೆ ಶೇ. 0.75, ಮಾಲೀಕನದು ಶೇ. 3.25. ಮದ್ದೂರಿನ ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಂಥ ಕಡೆ ದುಡಿಯುವವರ ವೇತನ ಚೀಟಿಯಲ್ಲಿ ಕಾಣುವ ಆ ಸಣ್ಣ ಕಡಿತದ ಹಿಂದೆ ಇಷ್ಟು ಚರಿತ್ರೆಯಿದೆ.

ಹೊರಗುಳಿದ ಕಬ್ಬಿನ ನಾಡು

ಇನ್ನು ಮಂಡ್ಯದ ಮಾತು. ಕನ್ನಂಬಾಡಿ ಅಣೆಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಕಬ್ಬು ಬೆಳೆಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅಂಬೇಡ್ಕರ್ ದೆಹಲಿಯಲ್ಲಿ ರಜೆಯ ಕಾಯ್ದೆ ಮಾಡುವಾಗ ಮಂಡ್ಯ ಮೈಸೂರು ಅರಸರ ಸಂಸ್ಥಾನದ ಭಾಗ. ಬ್ರಿಟಿಷ್ ಇಂಡಿಯಾದ ಆ ಕಾಯ್ದೆ ಇಲ್ಲಿಗೆ ಅನ್ವಯಿಸುತ್ತಿರಲಿಲ್ಲ.

ಸಂಸ್ಥಾನದ ಗಡಿ ಅಳಿದ ಮೇಲೂ ಇನ್ನೊಂದು ಗೆರೆ ಉಳಿಯಿತು. 1945ರ ತಿದ್ದುಪಡಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿತ್ತು. 1934ರ ಕಾಯ್ದೆಯೇ ಋತುಮಾನದ ಕಾರ್ಖಾನೆಗಳೆಂಬ ಪಟ್ಟಿಯಲ್ಲಿ ಕಾಫಿ, ಚಹಾಗಳೊಂದಿಗೆ ಬೆಲ್ಲವೂ ಸೇರಿದಂತೆ ಸಕ್ಕರೆ ತಯಾರಿಕೆಯನ್ನು ಬೇರ್ಪಡಿಸಿತ್ತು. 1946ರಲ್ಲಿ ವಾರದ ದುಡಿಮೆ ಇಳಿದಾಗಲೂ ಋತುಮಾನದ ಕಾರ್ಖಾನೆಗಳಿಗೆ 48ರ ಬದಲು 50 ಗಂಟೆ. 1948ರ ಕಾರ್ಖಾನೆ ಕಾಯ್ದೆ 20 ದಿನ ದುಡಿದರೆ ಒಂದು ದಿನದ ರಜೆಯೆಂಬ ಲೆಕ್ಕ ತಂದಿತಾದರೂ, ಅದಕ್ಕೆ ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕಿತ್ತು. ಹಂಗಾಮು ಮುಗಿದೊಡನೆ ಗಾಣ ನಿಲ್ಲಿಸುವ ಕಡೆ 240 ದಿನ ಎಲ್ಲಿಂದ ಬರಬೇಕು? ಇಎಸ್‌ಐ ಕಾಯ್ದೆಯೂ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿತು. ಅದರ ವಿವರಣೆಯಲ್ಲೂ ಬೆಲ್ಲದ ಹೆಸರು ಸ್ಪಷ್ಟವಾಗಿಯೇ ಇದೆ.

ದೊಡ್ಡ ಸಕ್ಕರೆ ಕಾರ್ಖಾನೆಗಳಲ್ಲಿ ಕಾಯಂ ನೌಕರರಿಗೆ ಸಂಘಗಳಿವೆ, ವೇತನ ಮಂಡಳಿಯ ಒಪ್ಪಂದಗಳಿವೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳ ನಡುವೆ ಹೊಗೆಯಾಡುವ ಆಲೆಮನೆಗಳ ಕತೆ ಬೇರೆ. ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ಸಿಪ್ಪೆ ತುಂಬುವವರು, ಕುದಿಯುವ ಕೊಪ್ಪರಿಗೆಯ ಬಳಿ ನಿಂತು ಪಾಕದ ಹದ ನೋಡುವವರು, ಅಚ್ಚಿಗೆ ಬೆಲ್ಲ ಸುರಿಯುವವರು ಹೆಚ್ಚಾಗಿ ಬೆರಳೆಣಿಕೆಯ ಮಂದಿ. ಕಾರ್ಖಾನೆ ಎನಿಸಿಕೊಳ್ಳುವಷ್ಟು ಜನಸಂಖ್ಯೆಯೇ ಬಹುತೇಕ ಕಡೆ ಇರುವುದಿಲ್ಲ. ಕೈ ಸುಟ್ಟರೆ, ಜ್ವರ ಬಂದರೆ ಅಂದಿನ ಕೂಲಿ ಇಲ್ಲ. 1928ರ ಪರೇಲಿನ ಲೆಕ್ಕವೇ ಇಲ್ಲಿ ಇಂದಿಗೂ ನಡೆದಿದೆ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಸಂಬಳ ಸಹಿತ ರಜೆಗೆ ಬೇಕಾದ ದುಡಿಮೆಯನ್ನು 240ರಿಂದ 180 ದಿನಕ್ಕೆ ಇಳಿಸಿವೆ. ಕೆಲವರಿಗೆ ಇದರಿಂದ ಬಾಗಿಲು ತೆರೆಯಬಹುದು. ಆದರೆ ಕಾಯಿಲೆಯ ವಿಮೆಯ ಸಾಮಾನ್ಯ ವ್ಯಾಪ್ತಿಯಿಂದ ಋತುಮಾನದ ಕಾರ್ಖಾನೆಗಳು ಈಗಲೂ ಹೊರಗೇ ಇವೆ.

ರಜೆ ಪಡೆಯದ ಮನುಷ್ಯ

1947ರಲ್ಲಿ ಅಂಬೇಡ್ಕರ್ ಸ್ವತಂತ್ರ ಭಾರತದ ಮೊದಲ ಕಾನೂನು ಸಚಿವರಾದರು, ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರಾದರು. ಕಾಯಿಲೆ ಮತ್ತು ನಿರುದ್ಯೋಗದಲ್ಲಿ ಸಾರ್ವಜನಿಕ ನೆರವು, ಮಾನವೀಯ ದುಡಿಮೆಯ ಸ್ಥಿತಿ ಮತ್ತು ಹೆರಿಗೆ ಸೌಲಭ್ಯ, ಕಾರ್ಮಿಕನಿಗೆ ಬಿಡುವಿನ ಸುಖ ಎಂಬ ಆಶಯಗಳು 41, 42 ಮತ್ತು 43ನೇ ವಿಧಿಗಳಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಾಗಿ ಸೇರಿದವು.

ಆದರೆ ಅಷ್ಟು ಹೊತ್ತಿಗೆ ಅವರ ದೇಹ ಸೋತಿತ್ತು. ಮಧುಮೇಹ ಮತ್ತು ನರಗಳ ನೋವು ಕಾಡುತ್ತಿದ್ದವು. ರಮಾಬಾಯಿ 1935ರಲ್ಲಿಯೇ ತೀರಿಕೊಂಡಿದ್ದರು. 1948ರ ಏಪ್ರಿಲ್ 15ರಂದು ಅವರು ವೈದ್ಯೆ ಶಾರದಾ ಕಬೀರ್ ಅವರನ್ನು ವಿವಾಹವಾದರು. ಸಂವಿಧಾನದ ಕೆಲಸ ನಿಲ್ಲಲಿಲ್ಲ. 1951ರಲ್ಲಿ ಹಿಂದೂ ಸಂಹಿತೆಯ ವಿಷಯದಲ್ಲಿ ಬೇಸತ್ತು ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದರು. ಡಿಸೆಂಬರ್ 5ರ ರಾತ್ರಿಯೂ ಬುದ್ಧನ ಕುರಿತ ತಮ್ಮ ಗ್ರಂಥದ ಪ್ರಸ್ತಾವನೆಯ ಹಾಳೆಗಳನ್ನು ಹಾಸಿಗೆಯ ಬಳಿ ತರಿಸಿಕೊಂಡಿದ್ದರು. ಡಿಸೆಂಬರ್ 6ರ ಬೆಳಗಿನ ಹೊತ್ತಿಗೆ, ದೆಹಲಿಯ ಅಲಿಪುರ ರಸ್ತೆಯ ಮನೆಯಲ್ಲಿ, ನಿದ್ರೆಯಲ್ಲಿಯೇ ಅವರ ಉಸಿರು ನಿಂತಿತ್ತು.

ಅನ್ಯರ ಬಿಡುವಿಗಾಗಿ ಕಾಯ್ದೆ ಬರೆದ ಅವರು ತಾವು ಕಾಯಿಲೆಯಲ್ಲಿಯೂ ಬಿಡುವು ಪಡೆಯಲಿಲ್ಲ. ಏಪ್ರಿಲ್ 14 ಮತ್ತು ಡಿಸೆಂಬರ್ 6ರಂದು ಅವರ ಪ್ರತಿಮೆಗೆ ಮಂಡ್ಯ ಸೀಮೆ ಹಾರ ಹಾಕುತ್ತದೆ. ಜಯಂತಿಯಂದು ಸರ್ಕಾರಿ ಕಚೇರಿಗಳಿಗೆ ರಜೆ, ಅಲ್ಲಿನ ನೌಕರರಿಗೆ ಸಂಬಳ ಸಹಿತ ರಜೆ. ಆ ದಿನವೂ ಆಲೆಮನೆಯ ಒಲೆ ಉರಿಯುತ್ತಿದ್ದರೆ, ಅದರ ಮುಂದೆ ಕುಳಿತವನಿಗೆ ಕೆಲಸ ಮಾಡಿದರೆ ಮಾತ್ರ ಕೂಲಿ. ಬಾಬಾಸಾಹೇಬರು ಅರ್ಧ ನಡೆದ ದಾರಿ ಅಲ್ಲಿಗೆ ಬಂದು ನಿಂತಿದೆ. ಉಳಿದರ್ಧವನ್ನು ನಡೆಯಬೇಕಾದವರು ಹಾರ ಹಾಕುವ ನಾವೇ.