ಎಲಿಯಾಸ್ ಹೋವ್ ಮತ್ತು ಬಿಚ್ಚದ ಹೊಲಿಗೆ

ಅಂಗಿಯ ಮೊಣಕೈಯಲ್ಲಿ ತೂತು ಬಿದ್ದರೆ ಅದನ್ನು ಮುಚ್ಚುವುದಕ್ಕೆ ಎರಡು ಮಾರ್ಗಗಳುಂಟು. ಬೇರೊಂದು ತುಂಡನ್ನಿಟ್ಟು ತೇಪೆ ಹಾಕುವುದು ಒಂದು. ಸವೆದುಹೋದ ಎಳೆಗಳ ಸ್ಥಾನದಲ್ಲಿ ಹೊಸ ನೂಲನ್ನು ಹಾಸಾಗಿಯೂ ಹೊಕ್ಕಾಗಿಯೂ ಹಾಯಿಸಿ ರಫು ಮಾಡುವುದು ಇನ್ನೊಂದು. ಕೈಸೂಜಿಯಿಂದ ಬಹಳ ಹೊತ್ತು ಹಿಡಿಯುವ ಈ ಎರಡನೆಯ ಕೆಲಸವನ್ನು ಜಾಣನಾದ ದರ್ಜಿಯು ಹೊಲಿಗೆಯ ಯಂತ್ರದಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾನೆ. ಅದಕ್ಕೆ ಆಧಾರವಾದ ಹೊಲಿಗೆಯನ್ನು ಲೋಕದ ಬಳಕೆಗೆ ತಂದ ಎಲಿಯಾಸ್ ಹೋವನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹೋವನು 1819ನೆಯ ಇಸವಿ ಜುಲೈ 9ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಪೆನ್ಸರ್ ಎಂಬ ಊರಿನಲ್ಲಿ ಜನಿಸಿದನು. ತಂದೆಗೆ ಬೇಸಾಯವೂ ಗಿರಣಿಯೂ ಇದ್ದವು. ಹದಿಹರೆಯದಲ್ಲಿ ಈತನು ಲೋವೆಲ್ ಪಟ್ಟಣದಲ್ಲಿ ಹತ್ತಿಯ ಗಿರಣಿಯ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯನ್ನು ಸೇರಿದನು. 1837ರ ಆರ್ಥಿಕ ಮುಗ್ಗಟ್ಟಿನಲ್ಲಿ ಆ ಕೆಲಸ ತಪ್ಪಲು, ಬಾಸ್ಟನ್ನಿನಲ್ಲಿ ಆರಿ ಡೇವಿಸ್ ಎಂಬ ಸೂಕ್ಷ್ಮ ಉಪಕರಣಗಳ ಕುಶಲಿಯ ಬಳಿ ಸೇರಿದನು. ಹೊಲಿಯುವ ಯಂತ್ರವನ್ನು ಕಂಡುಹಿಡಿದವನಿಗೆ ಐಶ್ವರ್ಯ ಒಲಿಯುವುದೆಂಬ ಮಾತು ಆ ಅಂಗಡಿಯಲ್ಲಿಯೇ ಅವನ ಕಿವಿಗೆ ಬಿದ್ದಿತಂತೆ. 1841ರಲ್ಲಿ ಎಲಿಜಬೆತ್ ಎಂಬಾಕೆಯೊಡನೆ ವಿವಾಹವಾಯಿತು, ಮೂವರು ಮಕ್ಕಳಾದರು. ಗಂಡನ ಸಂಬಳ ಸಾಲದೆ ಆಕೆಯು ಪರರ ಬಟ್ಟೆಗಳನ್ನು ಹೊಲಿದು ಸಂಸಾರವನ್ನು ತೂಗಿಸಬೇಕಾಯಿತು. ಮಡದಿಯ ಕೈಯ ಚಲನೆಯನ್ನು ಹೋವನು ಬಹುಕಾಲ ನೋಡುತ್ತ ಕುಳಿತಿರುತ್ತಿದ್ದನು.

ಆದರೆ ಆ ಕೈಯನ್ನು ಅನುಕರಿಸಿದ್ದರಿಂದ ಯಂತ್ರ ಸಿದ್ಧಿಸಲಿಲ್ಲ. ಸೂಜಿಯ ಕಣ್ಣನ್ನು ಹಿಂದಿನ ತುದಿಯಿಂದ ಮೊನೆಯ ಬಳಿಗೆ ತಂದು, ಅದು ಬಟ್ಟೆಯ ಆಚೆಗೆ ಒಯ್ದ ದಾರದ ಕುಣಿಕೆಯೊಳಗೆ ಎರಡನೆಯ ದಾರವನ್ನು ಹೊತ್ತ ಲಾಳಿಯು ಹಾದುಹೋಗುವಂತೆ ಅವನು ಮಾಡಿದನು. ಲಾಳಿ ಮಗ್ಗದ ವಸ್ತು. ಗಿರಣಿಯ ಯಂತ್ರಗಳ ನಡುವೆ ಬೆಳೆದವನಿಗೆ ಅದು ಹೊಳೆದುದು ಸಹಜವೇ. ಕನಸಿನಲ್ಲಿ ಕಂಡ ಭರ್ಜಿಗಳ ಮೊನೆಯಲ್ಲಿ ರಂಧ್ರಗಳಿದ್ದುವೆಂಬ ಕಥೆಯು ಮಕ್ಕಳಿಗೆ ಹೇಳಲು ಸೊಗಸಾಗಿದೆ, ಅಷ್ಟೆ. ವಾಲ್ಟರ್ ಹಂಟ್ ಎಂಬವನು ಇವನಿಗಿಂತ ಹತ್ತು ವರ್ಷಗಳಷ್ಟು ಮೊದಲೇ ಇದೇ ರೀತಿಯ ಹೊಲಿಗೆಯನ್ನು ಸಾಧಿಸಿ, ಪೇಟೆಂಟು ಪಡೆಯದೆ ಕೈಬಿಟ್ಟಿದ್ದನು. ಫ್ರಾನ್ಸಿನ ತಿಮೊನ್ಯೇ 1830ರಲ್ಲಿ ಪೇಟೆಂಟು ಪಡೆದ ಯಂತ್ರವು ಒಂದೇ ದಾರದ ಸರಪಳಿ ಹೊಲಿಗೆಯದು. ತುದಿ ಸಡಿಲಿದರೆ ಅದು ಸಾಲಾಗಿ ಬಿಚ್ಚಿಕೊಂಡು ಬರುತ್ತದೆ. ಹೋವನ ಹೊಲಿಗೆಯಲ್ಲಿ ಎರಡು ದಾರಗಳು ಬಟ್ಟೆಯ ಮಧ್ಯದಲ್ಲಿ ಒಂದನ್ನೊಂದು ಹಿಡಿದು ನಿಲ್ಲುವುದರಿಂದ ಒಂದು ಕಡೆ ಹರಿದರೂ ಉಳಿದುದು ಕಳಚುವುದಿಲ್ಲ.

ಜಾರ್ಜ್ ಫಿಷರ್ ಎಂಬ ಮಿತ್ರನು 500 ಡಾಲರುಗಳನ್ನಿತ್ತು ಅರ್ಧ ಪಾಲುದಾರನಾದನು. 1845ರಲ್ಲಿ ಯಂತ್ರ ಸಿದ್ಧವಾಗಿ, ಬಾಸ್ಟನ್ನಿನಲ್ಲಿ ಐವರು ಹೊಲಿಗೆಯ ಹೆಂಗಸರೊಡನೆ ನಡೆದ ಪಂದ್ಯದಲ್ಲಿ ಅವರೆಲ್ಲರನ್ನೂ ಮೀರಿಸಿತು. 1846ರ ಸೆಪ್ಟೆಂಬರ್ 10ರಂದು ಪೇಟೆಂಟು ದೊರೆಯಿತು. ಆದರೂ 300 ಡಾಲರ್ ಬೆಲೆಯ ಆ ಯಂತ್ರವನ್ನು ಕೊಳ್ಳುವವರಿರಲಿಲ್ಲ. ಲಂಡನ್ನಿನ ವಿಲಿಯಂ ಥಾಮಸ್ ಎಂಬ ವ್ಯಾಪಾರಿಯು 250 ಪೌಂಡಿಗೆ ಇಂಗ್ಲೆಂಡಿನ ಹಕ್ಕನ್ನು ಕೊಂಡನು. ಅವನಲ್ಲಿ ದುಡಿಯಲು ಹೋದ ಹೋವನಿಗೆ ಮನಸ್ತಾಪವೇ ಫಲವಾಗಿ, ಸಂಸಾರವನ್ನು ಮುಂದಾಗಿ ಊರಿಗೆ ಕಳುಹಿಸಿ, ಯಂತ್ರವನ್ನೂ ಪೇಟೆಂಟಿನ ಪತ್ರಗಳನ್ನೂ ಅಡವಿಟ್ಟು 1849ರಲ್ಲಿ ಬರಿಗೈಯಲ್ಲಿ ಹಿಂದಿರುಗಿದನು. ಆಗ ಎಲಿಜಬೆತ್ ಕ್ಷಯದಿಂದ ಕೊನೆಯ ಗಳಿಗೆಗಳನ್ನು ಎಣಿಸುತ್ತಿದ್ದಳು. ಆಕೆಯ ಅಂತ್ಯಕ್ರಿಯೆಗೆ ಹೋಗಲು ತಕ್ಕ ಉಡುಪಿಲ್ಲದೆ ಹೋವನು ಬಂಧುವೊಬ್ಬನ ಬಟ್ಟೆಯನ್ನು ಎರವಲು ತೊಟ್ಟನೆಂದು ಚರಿತ್ರಕಾರರು ಬರೆದಿದ್ದಾರೆ.

ಇಷ್ಟರಲ್ಲಿ ಇತರರು ಅವನ ಹೊಲಿಗೆಯನ್ನೇ ಅಳವಡಿಸಿ ಯಂತ್ರಗಳನ್ನು ಮಾರತೊಡಗಿದ್ದರು. ಅವರಲ್ಲಿ ಐಸಾಕ್ ಸಿಂಗರ್ ಪ್ರಮುಖನು. ಹೋವನು ನ್ಯಾಯಾಲಯದ ಮೆಟ್ಟಿಲೇರಿ 1854ರಲ್ಲಿ ಜಯಗಳಿಸಿದನು. ಆದರೆ ಸಿಂಗರನನ್ನು ಬರಿಯ ಅಪಹಾರಕನೆನ್ನುವುದು ನನ್ನ ಮತದಲ್ಲಿ ಸರಿಯಲ್ಲ. ಹೋವನ ಯಂತ್ರದಲ್ಲಿ ಬಟ್ಟೆಯು ತಗಡಿನ ಮೊಳೆಗಳಿಗೆ ಸಿಕ್ಕಿ ನೆಟ್ಟಗೆ ತೂಗುತ್ತಿತ್ತು. ನೇರವಾದ ಗೆರೆಯ ಹೊರತು ಬೇರೇನನ್ನೂ ಹೊಲಿಯುವಂತಿರಲಿಲ್ಲ. ಅದರಲ್ಲಿ ತೂತನ್ನು ರಫು ಮಾಡುವುದಂತೂ ಆಗದ ಮಾತು. ಮೇಲಿನಿಂದಿಳಿಯುವ ನೇರ ಸೂಜಿಯನ್ನೂ ಬಟ್ಟೆಯನ್ನಿಡುವ ಮಟ್ಟಸವಾದ ಹಲಗೆಯನ್ನೂ ಕೂಡಿಸಿದ ಯಂತ್ರವನ್ನು ಸಿಂಗರನು 1851ರಲ್ಲಿ ತಂದನು. ಬಟ್ಟೆಯನ್ನು ಮುಂದೆ ಸರಿಸುವ ಹಲ್ಲುಗಳ ಉತ್ತಮ ವಿಧಾನಕ್ಕೆ ಆಲನ್ ವಿಲ್ಸನ್ 1854ರಲ್ಲಿ ಪೇಟೆಂಟು ಪಡೆದನು.

ವಿನೋದವೆಂದರೆ, ರಫು ಮಾಡುವಾಗ ಆ ಹಲ್ಲುಗಳನ್ನು ಕೆಳಗಿಳಿಸಬೇಕು. ತೂತಿನ ಅಂಚಿನ ಜುಂಗುಗಳನ್ನು ಕತ್ತರಿಸಿ, ಕಸೂತಿಯ ರಿಂಗಿನಲ್ಲಿ ಬಟ್ಟೆಯನ್ನು ಬಿಗಿದು, ಒತ್ತುವ ಪಾದವನ್ನು ತೆಗೆದು, ಅದರ ಸನ್ನೆಯನ್ನು ಮಾತ್ರ ಇಳಿಸಿರಬೇಕು. ಇಲ್ಲವಾದರೆ ದಾರಕ್ಕೆ ಬಿಗಿ ಬಾರದು. ಆಮೇಲೆ ಗಟ್ಟಿ ಬಟ್ಟೆಯಿಂದ ಗಟ್ಟಿ ಬಟ್ಟೆಗೆ, ತೂತಿನ ಮೇಲೆ ಹಾಯುವಂತೆ, ಕೈಯಿಂದಲೇ ಹಿಂದಕ್ಕೂ ಮುಂದಕ್ಕೂ ನಡೆಸಿ ಹತ್ತಿರ ಹತ್ತಿರದ ಗೆರೆಗಳನ್ನು ಎಳೆಯಬೇಕು. ಬಟ್ಟೆಯನ್ನು ತಿರುಗಿಸಿ ಅವುಗಳಿಗೆ ಅಡ್ಡಲಾಗಿ ಮತ್ತೆ ಹೊಲಿಯಬೇಕು. ಕೆಳಗೆ ಬಟ್ಟೆಯೇ ಇಲ್ಲದ ಬಯಲಿನಲ್ಲಿಯೂ ಎರಡು ದಾರಗಳು ಒಂದನ್ನೊಂದು ಹಿಡಿದು ನಿಲ್ಲುವುದು ಹೋವನ ಹೊಲಿಗೆಯ ಗುಣದಿಂದ.

ಗಾಂಧೀಜಿಯವರು 1924ರಲ್ಲಿ ಯಂತ್ರಗಳ ವಿಷಯದಲ್ಲಿ ಸಂವಾದ ನಡೆಸಿದಾಗ ಹೊಲಿಗೆಯ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಮಡದಿಯ ಶ್ರಮವನ್ನು ಕಂಡು ಮರುಗಿ ಸಿಂಗರನು ಅದನ್ನು ನಿರ್ಮಿಸಿದನೆಂದು ಅವರು ಭಾವಿಸಿದ್ದರು. ಆ ಪ್ರಶಂಸೆಯು ಹೋವನಿಗೇ ಹೆಚ್ಚು ಒಪ್ಪುತ್ತದೆ.

1856ರಲ್ಲಿ ತಯಾರಕರೆಲ್ಲ ಒಪ್ಪಂದಕ್ಕೆ ಬಂದ ಮೇಲೆ ಅಮೆರಿಕದಲ್ಲಿ ಮಾರಾಟವಾದ ಒಂದೊಂದು ಯಂತ್ರಕ್ಕೂ ಹೋವನಿಗೆ ರಾಜಧನ ಸಲ್ಲತೊಡಗಿತು. ಒಟ್ಟು ಸುಮಾರು 20 ಲಕ್ಷ ಡಾಲರುಗಳೆಂಬ ಅಂದಾಜಿದೆ. ಅಂತರ್ಯುದ್ಧ ಕಾಲದಲ್ಲಿ, 1862ರಲ್ಲಿ, ಆ ಸಿರಿವಂತನು ಕನೆಕ್ಟಿಕಟ್ ಪ್ರಾಂತದ 17ನೆಯ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಸೈನಿಕರ ಸಂಬಳ ತಡವಾದಾಗ ತನ್ನ ಹಣದಿಂದಲೇ ಹಂಚಿದನು. 1867ರ ಅಕ್ಟೋಬರ್ 3ರಂದು ಬ್ರೂಕ್ಲಿನ್ನಿನಲ್ಲಿ ತನ್ನ 48ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಪೇಟೆಂಟಿನ ಅವಧಿಯು ಅದಕ್ಕೆ ಮೂರು ವಾರಗಳ ಹಿಂದೆಯಷ್ಟೇ ಮುಗಿದಿತ್ತು.