ಸುರಪುರದ ಟೇಲರ್ ಮತ್ತು ನಮ್ಮ ಹಳ್ಳ–ಕೆರೆಗಳು

ಕೆರೆ, ಹಳ್ಳಗಳ ಪಾಠವನ್ನು ಹಿಮನದಿ ಕೊರೆದ ಸರೋವರದ ಚಿತ್ರದಿಂದ ಆರಂಭಿಸುವುದು ನಮ್ಮ ಪಾಠಯೋಜನೆಗಳಲ್ಲಿ ರೂಢಿ. ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಅಂಥದ್ದನ್ನು ಕಂಡವರಲ್ಲ. ಅವರಿಗೆ ಫಿಲಿಪ್ ಮೆಡೋಸ್ ಟೇಲರ್ ಅವರ ಜೀವನದಿಂದಲೇ ಈ ಪಾಠವನ್ನು ಆರಂಭಿಸಬಹುದು.

ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದರು. 1824ರಲ್ಲಿ, 15ನೆಯ ವಯಸ್ಸಿಗೆ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಬಂದರು. ಅದು ಕೈಹತ್ತದೆ ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು. ಮೋಜಣಿ, ಕಾನೂನು, ಕಟ್ಟಡ ವಿದ್ಯೆಗಳನ್ನು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಕಲಿತರು. ಠಗ್ಗರ ಕುರಿತ ಅವರ ಕಾದಂಬರಿ 1839ರಲ್ಲಿ ಪ್ರಕಟವಾಗಿ ಹೆಸರು ತಂದಿತು. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದರು. ಮುಂದೆ ರಾಜರಾಗಬೇಕಿದ್ದ ವೆಂಕಟಪ್ಪ ನಾಯಕರು ಇನ್ನೂ ಬಾಲಕರು. 1853ರವರೆಗೆ ಆಡಳಿತ ಟೇಲರರ ಕೈಯಲ್ಲಿತ್ತು.

ಅವರು ತಿರುಗಾಡಿದ ನೆಲದ ರಚನೆ ಗಮನಿಸಬೇಕಾದದ್ದು. ಆಳಂದ, ಅಫಜಲಪುರದಲ್ಲಿ ಲಾವಾ ಹೆಪ್ಪುಗಟ್ಟಿ ಆದ ಕಪ್ಪುಶಿಲೆ, ಅದರ ಮೇಲೆ ಎರೆಮಣ್ಣು. ಜೇವರ್ಗಿಯ ಕಡೆ ಸುಣ್ಣಕಲ್ಲಿನ ಪದರಗಳು ಕಾಣತೊಡಗುತ್ತವೆ. ಸುರಪುರದಲ್ಲಿ ಕಣಶಿಲೆಯ ಗುಡ್ಡಗಳು. ಬೇಸಿಗೆಯಲ್ಲಿ ಬಿರಿದ ಎರೆ ಮೊದಲ ಮಳೆಯನ್ನು ಕುಡಿಯುತ್ತದೆ. ತೊಯ್ದು ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಂಗದೆ ಮೇಲೆಯೇ ಹರಿಯುತ್ತದೆ. ಸಣ್ಣ ಗೀರು ಕೊರಕಲಾಗುತ್ತದೆ, ಕೊರಕಲು ಹಳ್ಳವಾಗುತ್ತದೆ. ಆಳಂದದ ಅಮರ್ಜಾ ಹೀಗೇ ಹಳ್ಳಗಳನ್ನು ಕೂಡಿಸಿಕೊಂಡು ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ತಿರುವಿನ ಹೊರದಂಡೆಯನ್ನು ಕೊರೆದು ಒಳದಂಡೆಗೆ ಮರಳು ಪೇರಿಸುತ್ತದೆ.

ಹಾಗಾದರೆ ಇಲ್ಲಿ ಸಹಜ ಸರೋವರ ಏಕಿಲ್ಲ? ಈ ಪ್ರಶ್ನೆಯನ್ನು ಮಕ್ಕಳೇ ಕೇಳುವಂತೆ ಮಾಡಬೇಕು. ಇದು ಬಹಳ ಹಳೆಯ ನೆಲ. ತಗ್ಗುಗಳಿಗೆಲ್ಲ ಹಳ್ಳಗಳು ಎಂದೋ ಹೊರದಾರಿ ಕೊರೆದಿವೆ. ಹಿಮನದಿಯಾಗಲಿ ಹೊಸ ಭೂಕುಸಿತವಾಗಲಿ ಹೊಸ ತಗ್ಗು ಮಾಡಿಲ್ಲ. ನೀರು ನಿಲ್ಲಬೇಕಾದರೆ ಮನುಷ್ಯರೇ ಅಡ್ಡಗಟ್ಟಬೇಕು. ಸುರಪುರದ ಪಾಮನಾಯಕರು 17ನೆಯ ಶತಮಾನದಲ್ಲಿ ಬೋನಾಳದಲ್ಲಿ ಅದನ್ನೇ ಮಾಡಿದ್ದರು. ಟೇಲರ್ ಆ ಕೆರೆಯನ್ನು ಸುಧಾರಿಸಿದರು. ಅವರೇ ಅದನ್ನು ಕಟ್ಟಿಸಿದರೆಂದು ಹೇಳಿದರೆ ಪಾಮನಾಯಕರಿಗೆ ಅನ್ಯಾಯ.

ಕೆರೆಯೂ ನೆಲವನ್ನು ಬದಲಿಸುತ್ತದೆ. ಓಟ ನಿಂತ ನೀರು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸುತ್ತದೆ, ಅಂಗಳ ಮೇಲೇರುತ್ತದೆ. ಕೆಳಗಿನ ಬಾವಿಗಳಲ್ಲಿ ನೀರು ಏರುತ್ತದೆ. ಹೂಳು ತೆಗೆಯದಿದ್ದರೆ ಕೆರೆ ಮತ್ತೆ ಬಯಲಾಗುತ್ತದೆ.

ಜೇವರ್ಗಿಯಲ್ಲಿ ಟೇಲರ್ ಪುರಾತನ ಕಲ್ಲುವೃತ್ತದ ಸಮಾಧಿಗಳನ್ನು ಅಗೆಸಿ, ಕಂಡದ್ದನ್ನು ಬರೆದಿಟ್ಟರು. 1853ರಲ್ಲಿ ಆಳಂದಕ್ಕೆ ನೆರೆಯ ನಳದುರ್ಗದ ಆಡಳಿತಕ್ಕೆ ಹೋದರು. ಅಲ್ಲಿಯ ಕೋಟೆಯೊಳಗೆ ಬೋರಿ ನದಿಗೆ ಆದಿಲಶಾಹಿ ಕಾಲದ ಕಟ್ಟೆಯಿದೆ.

ಅವರ ಬದುಕಿನ ಕಹಿ ಭಾಗವನ್ನೂ ತರಗತಿಯಲ್ಲಿ ಮುಚ್ಚಿಡಬಾರದು. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಸೋತು ಸೆರೆಯಾಳಾಗಿದ್ದಾಗಲೇ ಗುಂಡೇಟಿನಿಂದ ತೀರಿಕೊಂಡರು. ತಾವು ಬೆಳೆಸಿದ ಹುಡುಗನ ಸಂಸ್ಥಾನಕ್ಕೆ ಟೇಲರ್ ಮತ್ತೆ ಬಂದದ್ದು ಗೆದ್ದವರ ಅಧಿಕಾರಿಯಾಗಿ. 1860ರಲ್ಲಿ ಅವರು ಭಾರತ ಬಿಟ್ಟರು. 1876ರಲ್ಲಿ ಫ್ರಾನ್ಸಿನ ಮೆಂತೋನ್‌ನಲ್ಲಿ ನಿಧನರಾದರು.

ಸುರಪುರದ ಗುಡ್ಡದ ಮೇಲೆ ಅವರ ಮನೆ ಟೇಲರ್ ಮಂಜಿಲ್ ಇಂದಿಗೂ ಇದೆ. ಬೋನಾಳ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬಂದಿಳಿಯುತ್ತವೆ.