ಪೊರಕೆ ಕೋಲನ್ನೇ ಹ್ಯಾಂಡಲ್ ಮಾಡಿಕೊಂಡು ಸೈಕಲ್ ತುಳಿದ ಅಲ್ಫೊನ್ಸಿನಾ

ಪುರುಷರ 'ಜಿರೋ ಡಿ ಇಟಾಲಿಯಾ' ಸೈಕಲ್ ರೇಸ್‌ನಲ್ಲಿ ಸ್ಪರ್ಧಿಸಿದ ಏಕೈಕ ಮಹಿಳೆ ಅಲ್ಫೊನ್ಸಿನಾ ಸ್ಟ್ರಾಡಾ. 1891ರಲ್ಲಿ ಇಟಲಿಯ ಬಡ ಕುಟುಂಬದಲ್ಲಿ ಹುಟ್ಟಿದ ಇವರಿಗೆ ಪತಿ ಕೊಟ್ಟ ಮದುವೆ ಉಡುಗೊರೆಯೇ ರೇಸ್ ಸೈಕಲ್!

1924ರಲ್ಲಿ ಹಣದ ವಿಚಾರಕ್ಕೆ ಪ್ರಮುಖ ಸ್ಪರ್ಧಿಗಳು ಹಿಂದೆ ಸರಿದಾಗ ಆಯೋಜಕರು ಇವರಿಗೆ ಅವಕಾಶ ನೀಡಿದರು. ಒಟ್ಟು 12 ಹಂತ, 3,613 ಕಿ.ಮೀ. ಪೆರುಜಿಯಾ ಹಾದಿಯಲ್ಲಿ ಗಾಳಿ-ಮಳೆಗೆ ಸಿಲುಕಿ ಹ್ಯಾಂಡಲ್ ಮುರಿಯಿತು. ಪೊರಕೆ ಕೋಲು ಕಟ್ಟಿಕೊಂಡು ಮುಂದೆ ಸಾಗಿದರು. ಆದರೆ ನಿಗದಿತ ಸಮಯ ಮೀರಿದ್ದರಿಂದ ಸ್ಪರ್ಧೆಯಿಂದ ಅನರ್ಹಗೊಂಡರು.

ಆದರೂ ಅವರು ಸೈಕಲ್ ಇಳಿಯಲಿಲ್ಲ. ಆಯೋಜಕರ ಅನುಮತಿ ಪಡೆದು, ಉಳಿದ ಹಂತಗಳನ್ನೂ ತುಳಿದು ಮಿಲಾನ್ ತಲುಪಿದರು. ಹೊರಟಿದ್ದ 90 ಮಂದಿಯಲ್ಲಿ ಅಧಿಕೃತವಾಗಿ ಗುರಿ ಮುಟ್ಟಿದ್ದು 30 ಪುರುಷರು ಮಾತ್ರ. ಮರುವರ್ಷ ಇವರಿಗೆ ಪ್ರವೇಶ ಸಿಗಲಿಲ್ಲ.

1959ರಲ್ಲಿ ಅಲ್ಫೊನ್ಸಿನಾ ನಿಧನರಾದರು. ಒಲಿಂಪಿಕ್ಸ್‌ಗೆ ಮಹಿಳೆಯರ ಸೈಕ್ಲಿಂಗ್ ಕಾಲಿಟ್ಟಿದ್ದು ಅದಾಗಿ 25 ವರ್ಷಗಳ ಬಳಿಕ, 1984ರಲ್ಲಿ.